ಕಸದ ಗಾಡಿ ಬಂತು, ಡೀಸೆಲ್ ಯಾರು ಹಾಕಬೇಕು?

ಟಿವಿ ಸುದ್ದಿಗೆ ಕಸ ಯಾವಾಗ ಬರುತ್ತೆ ಗೊತ್ತಾ? ಅದು ಬೆಟ್ಟ ಆದಾಗ. ಬೆಟ್ಟ ಕುಸಿದಾಗ. ಬೆಟ್ಟಕ್ಕೆ ಬೆಂಕಿ ಬಿದ್ದಾಗ.

2014ರಲ್ಲಿ ಬೆಂಗಳೂರಿನ ಕಸದ ಲಾರಿಗಳು ನಮ್ಮೂರಿಗೆ ಬರಕೂಡದು ಅಂತ ಮಂಡೂರಿನ ಜನ ಪಟ್ಟು ಹಿಡಿದು ಕೂತರು, ಕ್ಯಾಮೆರಾಗಳೆಲ್ಲ ಅಲ್ಲಿಗೆ ಓಡಿದವು. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯಲ್ಲಿ ಕಸದ ರಾಶಿಯೇ ಜಾರಿ, ಕೆಳಗಿದ್ದ ಮಂದಾರದ ಮನೆ, ತೋಟ, ದೈವಸ್ಥಾನಗಳ ಮೇಲೆ ಹರಿದುಬಂತು. ಅಡಿಕೆ ಮರಗಳ ಮಧ್ಯೆ ಪ್ಲಾಸ್ಟಿಕ್ಕಿನ ಪ್ರವಾಹ! ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂನಲ್ಲಿ ಕಸಕ್ಕೆ ಬೆಂಕಿ ಹತ್ತಿ, ದಿನಗಟ್ಟಲೆ ಆ ನಗರ ಹೊಗೆ ಕುಡಿಯಿತು. ಇವೆಲ್ಲ ಬ್ರೇಕಿಂಗ್ ನ್ಯೂಸ್. ಆಗಲೇಬೇಕಿತ್ತು, ಆಯಿತು.

ಆದರೆ ಅಳದಂಗಡಿಯ ಕಸ ಬ್ರೇಕಿಂಗ್ ನ್ಯೂಸ್ ಆಗೋದಿಲ್ಲ. ಯಾಕಂದ್ರೆ ಹಳ್ಳಿಯ ಕಸ ಬೆಟ್ಟ ಆಗೋದಿಲ್ಲ. ಅದು ಹರಡಿಕೊಳ್ಳುತ್ತೆ. ರಸ್ತೆ ತಿರುವಿನಲ್ಲಿ ಒಂದು ಚೀಲ, ತೋಡಿನ ಬದಿಯಲ್ಲಿ ನಾಲ್ಕು ಬಾಟಲಿ, ಬಚ್ಚಲ ಒಲೆಯಲ್ಲಿ ಒಂದು ಹಿಡಿ ಹಾಲಿನ ತೊಟ್ಟೆ. ಕಣ್ಣಿಗೆ ಕಾಣದ್ದು ಸುದ್ದಿಯಾಗೋದಿಲ್ಲ. ಸುದ್ದಿಯಾಗದ್ದಕ್ಕೆ ಉತ್ತರ ಹುಡುಕುವವರೂ ಕಡಿಮೆ. ಹಾಗಾಗಿ ಇವತ್ತು ಬೆಟ್ಟವಾಗದ ಕಸದ ಬಗ್ಗೆ ಮಾತಾಡೋಣ.

ಅಳದಂಗಡಿ ಅಂತ ಹೆಸರು ಹೇಳುತ್ತಿರೋದು ಆ ಪಂಚಾಯತನ್ನು ಕಟಕಟೆಯಲ್ಲಿ ನಿಲ್ಲಿಸೋದಕ್ಕಲ್ಲ. ಬೆಳ್ತಂಗಡಿ ತಾಲೂಕಿನಲ್ಲಿ 48 ಗ್ರಾಮ ಪಂಚಾಯತ್‌ಗಳಿವೆ. ರಾಜ್ಯದಲ್ಲಿ ಹತ್ತಿರ ಹತ್ತಿರ 6 ಸಾವಿರ. ಇಲ್ಲಿನ ಲೆಕ್ಕ ಅರ್ಥವಾದರೆ ಕರಾವಳಿ, ಮಲೆನಾಡಿನ ಬಹುಪಾಲು ಊರುಗಳ ಲೆಕ್ಕ ಅರ್ಥವಾದ ಹಾಗೆ.

ಊರನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಗುರುವಾಯನಕೆರೆಯಿಂದ ನಾರಾವಿ, ಕಾರ್ಕಳದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಪೇಟೆ ಇದು. ಅಜಿಲ ಅರಸರ ಅರಮನೆ ಇರುವ ಊರು. ವೇಣೂರಿನಲ್ಲಿ 1604ರಲ್ಲಿ 35 ಅಡಿಯ ಗೊಮ್ಮಟನನ್ನು ನಿಲ್ಲಿಸಿದ್ದು ಇದೇ ಅಜಿಲ ಮನೆತನದ ತಿಮ್ಮಣ್ಣ ಅಜಿಲ. ಹೆಸರಿನಲ್ಲೇ ಅಂಗಡಿ ಇದೆ ನೋಡಿ. ಬೆಳ್ತಂಗಡಿ, ಉಪ್ಪಿನಂಗಡಿ, ಹೊಸಂಗಡಿ, ಅಳದಂಗಡಿ. ತುಳುನಾಡಿನಲ್ಲಿ ಇಂಥ ಊರುಗಳ ರಚನೆ ಹೆಚ್ಚುಕಡಿಮೆ ಒಂದೇ. ನಡುವೆ ಒಂದು ರಸ್ತೆ, ರಸ್ತೆಯ ಎರಡು ಬದಿ ಅಂಗಡಿ, ಹೋಟೆಲ್, ಬ್ಯಾಂಕು, ಕೋಳಿ ಅಂಗಡಿ. ಅಲ್ಲಿಂದ ಒಳಗೆ ಹೊರಳಿದರೆ ಗುಡ್ಡ, ಬಯಲು, ಅಡಿಕೆ ತೋಟ, ರಬ್ಬರ್ ತೋಟ. ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದರೆ ಕೇಳಿಸಬಹುದು, ಕೈ ಚಾಚಿದರೆ ಸಿಗೋದಿಲ್ಲ. ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲ.

ಈ ರಚನೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ದುಡ್ಡಿನ ಲೆಕ್ಕ ಹಾಕುವಾಗ ಇದು ಬೇಕಾಗುತ್ತೆ.

ಇನ್ನೊಂದು ವಿಷಯ, ನೀರು. ಈ ಭಾಗದ ತೋಡುಗಳ ನೀರು ಹೋಗೋದು ಫಲ್ಗುಣಿಯ ಕಡೆಗೆ. ವೇಣೂರಿನ ಬದಿಯಲ್ಲಿ ಹರಿಯುವ ಅದೇ ಫಲ್ಗುಣಿ ಗುರುಪುರ ದಾಟಿ ಮಂಗಳೂರು ಸೇರುತ್ತೆ. ಪಚ್ಚನಾಡಿಯ ಕಸದ ರಸ ಹರಿದು ಸೇರುತ್ತದೆ ಎಂದು ದೂರು ಕೇಳಿಬಂದಿದ್ದೂ ಇದೇ ನದಿಗೆ. ಕೆಳಗಿನ ಪೇಟೆಯವರು ನದಿ ಕೆಡಿಸಿದರು ಅಂತ ನಾವೆಲ್ಲ ಬೈಯುತ್ತೇವೆ, ಸರಿ. ಮೇಲಿನ ಊರುಗಳ ತೋಡಿಗೆ ಬಿದ್ದ ತೊಟ್ಟೆ ಎಲ್ಲಿಗೆ ಹೋಯಿತು? ವರ್ಷಕ್ಕೆ ಹೆಚ್ಚುಕಡಿಮೆ 4 ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಜೂನ್ ತಿಂಗಳ ಮೊದಲ ಜೋರು ಮಳೆ ಬಂತು ಅಂದ್ರೆ ಊರು ಗುಡಿಸಿದ ಹಾಗೆ ಸ್ವಚ್ಛವಾಗುತ್ತೆ. ಆ ಸ್ವಚ್ಛತೆಯ ಬಿಲ್ಲು ಕೆಳಗಿನವರಿಗೆ ಹೋಗುತ್ತೆ, ಕೊನೆಗೆ ಸಮುದ್ರಕ್ಕೆ.

ಈಗ ಹಳ್ಳಿ ಕಸ ಅಂದ್ರೆ ಏನು ಅಂತ ನೋಡೋಣ. ನಗರದ ಕಸಕ್ಕೂ ಹಳ್ಳಿ ಕಸಕ್ಕೂ ದೊಡ್ಡ ವ್ಯತ್ಯಾಸ ಇದೆ. ಬೆಂಗಳೂರಿನ ಕಸದ ಬುಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇರೋದು ಅಡುಗೆಮನೆಯ ಹಸಿ ಕಸ. ಕೊಳೆಯೋದು ಅದೇ, ನಾರೋದು ಅದೇ, ಬೆಟ್ಟ ಆಗೋದೂ ಅದೇ. ಹಳ್ಳಿಯಲ್ಲಿ? ತರಕಾರಿ ಸಿಪ್ಪೆ, ಅನ್ನದ ಗಂಜಿ ದನದ ಅಕ್ಕಚ್ಚಿಗೆ ಹೋಗುತ್ತೆ. ದನ ಇಲ್ಲದ ಮನೆಯಲ್ಲಿ ತೆಂಗಿನ ಬುಡಕ್ಕೆ, ಗೊಬ್ಬರದ ಗುಂಡಿಗೆ. ತರಗೆಲೆ ಹಟ್ಟಿಗೆ. ತೆಂಗಿನ ಗೆರಟೆ, ಸಿಪ್ಪೆ ಒಲೆಗೆ. ನಗರಗಳು ಕೋಟಿ ಕೋಟಿ ಸುರಿದು ಮಾಡಲು ಹೆಣಗುತ್ತಿರುವ ಕೆಲಸವನ್ನು ನಮ್ಮ ಅಜ್ಜಿಯಂದಿರು ಒಂದು ರೂಪಾಯಿ ಖರ್ಚಿಲ್ಲದೆ ಮಾಡಿಕೊಂಡು ಬಂದಿದ್ದಾರೆ.

ಹಾಗಾದರೆ ಉಳಿಯೋದು ಏನು? ಗೊಬ್ಬರದ ಗುಂಡಿ ಒಪ್ಪದ ವಸ್ತುಗಳು. ಹಾಲಿನ ತೊಟ್ಟೆ, ಎಣ್ಣೆಯ ಪ್ಯಾಕೆಟ್, ಶಾಂಪೂ ಚೀಟಿ, ಚಿಪ್ಸ್ ಪ್ಯಾಕೆಟ್, ಗುಟ್ಕಾ ಪ್ಯಾಕೆಟ್. ಬಿಯರ್ ಬಾಟಲಿ. ಕೆಟ್ಟ ಬಲ್ಬು, ಹಳೇ ಬ್ಯಾಟರಿ. ಮಕ್ಕಳ ಡೈಪರ್, ಸ್ಯಾನಿಟರಿ ಪ್ಯಾಡ್. ಇದರ ಮೇಲೆ ಕೃಷಿಯ ಪ್ಲಾಸ್ಟಿಕ್. ಇದನ್ನು ಪಟ್ಟಣದವರು ಯೋಚಿಸಿಯೂ ಇರುವುದಿಲ್ಲ. ರಬ್ಬರ್ ಮರಕ್ಕೆ ಪ್ರತಿ ಮಳೆಗಾಲ ಕಟ್ಟುವ ರೈನ್‌ಗಾರ್ಡ್ ಪ್ಲಾಸ್ಟಿಕ್, ಕೊಳೆ ರೋಗ ಬಾರದಂತೆ ಅಡಿಕೆ ಗೊನೆಗೆ ಕಟ್ಟುವ ಕೊಟ್ಟೆ, ಗೊಬ್ಬರದ ಚೀಲ, ಔಷಧದ ಬಾಟಲಿ. ಒಂದು ಮನೆಯದ್ದು ನೋಡಿದರೆ ಹಿಡಿಯಷ್ಟು. ಊರಿನದ್ದು ಸೇರಿಸಿದರೆ ಲಾರಿಯಷ್ಟು.

ಈ ಹಿಡಿಯಷ್ಟು ಕಸಕ್ಕೆ ಹಳ್ಳಿಯಲ್ಲಿ ಎರಡೇ ದಾರಿ. ಒಂದು ಎಸೆಯೋದು, ಇನ್ನೊಂದು ಸುಡೋದು. ಸುಡೋದನ್ನು ನಾವು ಸ್ವಚ್ಛತೆ ಅಂದುಕೊಂಡಿದ್ದೇವೆ. ಬೆಳಿಗ್ಗೆ ಬಚ್ಚಲ ಒಲೆ ಹೊತ್ತಿಸೋಕೆ ಒಂದು ತೊಟ್ಟೆ ಹಾಕಿದರೆ ಭಗ್ಗನೆ ಹಿಡಿಯುತ್ತೆ, ಒಳ್ಳೇದೇ ಆಯಿತು ಅಂತ. ಒಳ್ಳೇದಾಗೋದಿಲ್ಲ ಸ್ವಾಮಿ. ಕಡಿಮೆ ಶಾಖದಲ್ಲಿ ಅರ್ಧಂಬರ್ಧ ಉರಿಯುವ ಪ್ಲಾಸ್ಟಿಕ್ ಕಾರ್ಬನ್ ಮೊನಾಕ್ಸೈಡ್, ಮಸಿ, ವಿಷದ ಆವಿಗಳನ್ನು ಬಿಡುತ್ತೆ. ಪಿವಿಸಿ ಜಾತಿಯ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತೆ. ಅದು ಕ್ಯಾನ್ಸರ್‌ಕಾರಕ. ಬೂದಿಯಲ್ಲಿ ಉಳಿಯುತ್ತೆ, ಹುಲ್ಲಿಗೆ ಸೇರುತ್ತೆ, ಹಾಲಿನ ಕೊಬ್ಬಿಗೂ ಬರುತ್ತೆ. ಆ ಒಲೆಯ ಬೂದಿಯನ್ನೇ ನಾವು ತೆಂಗಿನ ಬುಡಕ್ಕೆ ಹಾಕುತ್ತೇವೆ. ಒಲೆಯ ಮುಂದೆ ಕೂತು ಊದುವವರು ಯಾರು? ಮನೆಯ ಹೆಂಗಸರು. ಬಿಸಿನೀರಿಗೆ ಕಾದು ಪಕ್ಕದಲ್ಲಿ ನಿಂತಿರುವವರು? ಮಕ್ಕಳು. ಇದು ನದಿಯ ಪ್ರಶ್ನೆಗಿಂತ ಮೊದಲು ಮನೆಯ ಪ್ರಶ್ನೆ.

ಸರಿ, ಈ ಕಸ ಯಾರ ಜವಾಬ್ದಾರಿ? ಕಾನೂನು ಏನು ಹೇಳುತ್ತೆ?

ಇಲ್ಲೊಂದು ಸ್ವಾರಸ್ಯ ಇದೆ. ಈ ದೇಶದ ಕಸದ ಕಾನೂನಿನ ಬೇರು ಇರೋದು ಬೆಂಗಳೂರಿನ ಹೊರವಲಯದಲ್ಲಿ. ನಗರದ ಕಸವನ್ನು ತಂದು ಹಳ್ಳಿ ರಸ್ತೆಗಳ ಬದಿಗೆ ಸುರಿಯುತ್ತಿದ್ದುದನ್ನು ಕಂಡು ರೊಚ್ಚಿಗೆದ್ದ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಹೋರಾಟದ ಫಲವಾಗಿ 2000ದಲ್ಲಿ ಘನತ್ಯಾಜ್ಯ ನಿಯಮಗಳು ಬಂದವು. ಆದರೆ ಯಾರಿಗೆ? ನಗರಸಭೆ, ಪುರಸಭೆಗಳಿಗೆ. ಹಳ್ಳಿ ರಸ್ತೆಯ ಸಂಕಟದಿಂದ ಹುಟ್ಟಿದ ಕಾನೂನು ಹಳ್ಳಿಯನ್ನೇ ಹೊರಗೆ ನಿಲ್ಲಿಸಿತು!

ಅಧಿಕಾರಿಗಳನ್ನು ದೂರಿ ಪ್ರಯೋಜನ ಇಲ್ಲ, ಸಂವಿಧಾನದಲ್ಲೇ ಹಾಗಿದೆ. ಪಂಚಾಯತ್‌ಗಳಿಗೆ 73ನೇ ತಿದ್ದುಪಡಿ, ನಗರಗಳಿಗೆ 74ನೇ ತಿದ್ದುಪಡಿ. ನಗರಗಳ ಕೆಲಸ ಪಟ್ಟಿ ಮಾಡಿರುವ ಹನ್ನೆರಡನೇ ಅನುಸೂಚಿಯಲ್ಲಿ ‘ಘನತ್ಯಾಜ್ಯ ನಿರ್ವಹಣೆ’ ಎಂಬ ಮಾತು ನೇರವಾಗಿ ಇದೆ. ಪಂಚಾಯತ್‌ಗಳ 29 ವಿಷಯಗಳ ಹನ್ನೊಂದನೇ ಅನುಸೂಚಿಯಲ್ಲಿ ‘ಆರೋಗ್ಯ ಮತ್ತು ನೈರ್ಮಲ್ಯ’ ಅಂತಷ್ಟೇ ಇದೆ. ಹಳ್ಳಿಯಲ್ಲೂ ಒಂದು ದಿನ ಶಾಂಪೂ ಚೀಟಿಯ ರಾಶಿ ಬೀಳುತ್ತೆ ಅಂತ 1992ರಲ್ಲಿ ಯಾರಿಗೂ ಹೊಳೆದಿರಲಿಕ್ಕಿಲ್ಲ. ಪರಿಣಾಮ ಏನಾಯ್ತು? ಬೆಳ್ತಂಗಡಿ ಪಟ್ಟಣ ಪಂಚಾಯತ್‌ಗೆ ಕಸದ ಕೆಲಸ ಕಾನೂನಿನಿಂದಲೇ ಬಂತು. ಅರ್ಧ ಗಂಟೆಯ ದಾರಿಯಲ್ಲಿರುವ ಅಳದಂಗಡಿಗೆ ಬರಲಿಲ್ಲ. ಎರಡೂ ಕಡೆ ಮಾರುವ ಚಿಪ್ಸ್ ಪ್ಯಾಕೆಟ್ ಮಾತ್ರ ಒಂದೇ.

ಈ ಬಾಗಿಲು ತೆರೆದದ್ದು 2016ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಬಂದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಮೊದಲ ಬಾರಿಗೆ ಗ್ರಾಮ ಪಂಚಾಯತನ್ನು ಹೆಸರಿಟ್ಟು ಕರೆದವು. ವಿಂಗಡಣೆ, ಸಂಗ್ರಹ, ಸಾಗಣೆ ಪಂಚಾಯತ್‌ನ ಕೆಲಸ. ಬಯಲಲ್ಲಿ ಪ್ಲಾಸ್ಟಿಕ್ ಸುಡದಂತೆ ನೋಡಿಕೊಳ್ಳೋದೂ ಅದರ ಕೆಲಸ. ಅದೇ ನಿಯಮಗಳು ಇನ್ನೂ ಎರಡು ಮಾತು ಹೇಳಿದವು, ಅವನ್ನು ನಾವು ಜಾಣತನದಿಂದ ಮರೆತಿದ್ದೇವೆ. ಒಂದು, ಕಸ ಮಾಡುವವರು ಸ್ಥಳೀಯ ಸಂಸ್ಥೆ ನಿಗದಿ ಮಾಡಿದ ಶುಲ್ಕ ಕೊಡಬೇಕು. ಎರಡು, ಬಯಲು ಜಾಗದಲ್ಲಿ ಕಾರ್ಯಕ್ರಮ ಮಾಡುವವರು ಆ ಕಾರ್ಯಕ್ರಮದ ಕಸವನ್ನು ತಾವೇ ವಿಂಗಡಿಸಿ ನಿರ್ವಹಿಸಬೇಕು.

ಕಾನೂನು ಬಂತು. ದುಡ್ಡು? ಅದೂ ಬಂತು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕಂದ್ರೆ ‘ಸರ್ಕಾರ ದುಡ್ಡೇ ಕೊಡಲ್ಲ’ ಅನ್ನೋದು ನಮ್ಮ ಸಿದ್ಧ ಉತ್ತರ.

2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತ್ ಮಿಷನ್‌ನ ಮೊದಲ ಹಂತ ಮುಖ್ಯವಾಗಿ ಶೌಚಾಲಯದ್ದು. 2020ರಲ್ಲಿ ಬಂದ ಎರಡನೇ ಹಂತ, ಹಳ್ಳಿಗಳ ಘನತ್ಯಾಜ್ಯ ಮತ್ತು ಬೂದು ನೀರಿನದ್ದು. 5 ಸಾವಿರದವರೆಗೆ ಜನಸಂಖ್ಯೆ ಇರುವ ಗ್ರಾಮಕ್ಕೆ ಘನತ್ಯಾಜ್ಯಕ್ಕೆ ತಲೆಗೆ 60 ರೂಪಾಯಿವರೆಗೆ, ಅದಕ್ಕಿಂತ ದೊಡ್ಡ ಗ್ರಾಮಕ್ಕೆ ತಲೆಗೆ 45 ರೂಪಾಯಿವರೆಗೆ. ಇದರಲ್ಲಿ ಶೇಕಡಾ 30ರಷ್ಟನ್ನು ಪಂಚಾಯತ್ ತನ್ನ 15ನೇ ಹಣಕಾಸು ಆಯೋಗದ ಅನುದಾನದಿಂದ ಹಾಕಬೇಕಿತ್ತು. ಪ್ಲಾಸ್ಟಿಕ್ ನಿರ್ವಹಣೆಗೆ ಪ್ರತಿ ಬ್ಲಾಕಿಗೆ ಒಂದು ಘಟಕ, ಅದಕ್ಕೆ 16 ಲಕ್ಷದವರೆಗೆ.

ನಮ್ಮ ರಾಜ್ಯದಲ್ಲಿ ಇದು ಎರಡು ರೂಪದಲ್ಲಿ ಕಣ್ಣಿಗೆ ಬಿತ್ತು. ಒಂದು ‘ಸ್ವಚ್ಛ ಸಂಕೀರ್ಣ’, ಅಂದರೆ ಒಣ ಕಸ ತಂದು ವಿಂಗಡಿಸುವ ಶೆಡ್. ಇನ್ನೊಂದು ‘ಸ್ವಚ್ಛ ವಾಹಿನಿ’, ಮನೆ ಮನೆಗೆ ಬರುವ ಗಾಡಿ. ಓಡಿಸೋದಕ್ಕೆ ಸಂಜೀವಿನಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟರು. ಸ್ಟೇರಿಂಗ್ ಹಿಡಿದು ಹಳ್ಳಿಯ ಏರು ತಿರುವುಗಳಲ್ಲಿ ಗಾಡಿ ಓಡಿಸುವ ಹೆಣ್ಣುಮಗಳನ್ನು ನೋಡಿದರೆ ಯಾರಿಗಾದರೂ ಹೆಮ್ಮೆಯಾಗಬೇಕು. ಉದ್ಘಾಟನೆಯ ದಿನ ಹಸಿರು ಬಾವುಟ, ತೆಂಗಿನಕಾಯಿ, ಸೆಲ್ಫಿ. ಎಲ್ಲ ಸರಿ.

ಮರುದಿನ? ಗಾಡಿಗೆ ಡೀಸೆಲ್ ಯಾರು ಹಾಕಬೇಕು?

ಇಡೀ ವಿಷಯದ ಗಂಟು ಇರೋದು ಇಲ್ಲೇ. ಮಿಷನ್‌ನ ದುಡ್ಡು ಕಟ್ಟೋದಕ್ಕೆ, ಕೊಳ್ಳೋದಕ್ಕೆ. ಅದು ಒಂದು ಸಲದ ದುಡ್ಡು. ಓಡಿಸುವ ಖರ್ಚು ಪ್ರತಿ ತಿಂಗಳದ್ದು. ಒಂದು ಸರಳ ಲೆಕ್ಕ ಹಾಕೋಣ. ಇದು ವಿವರಿಸೋದಕ್ಕೆ ನಾನು ಹಾಕಿದ ಲೆಕ್ಕ, ಯಾವುದೇ ಪಂಚಾಯತ್‌ನ ಕಡತದ ಅಂಕಿ ಅಲ್ಲ. 4 ಸಾವಿರ ಜನರ ಒಂದು ಊರು, ಸುಮಾರು 900 ಮನೆ. ತಲೆಗೆ 60ರ ಹಾಗೆ ಒಂದು ಸಲಕ್ಕೆ ಸಿಗೋದು 2 ಲಕ್ಷ 40 ಸಾವಿರ. ಈಗ ತಿಂಗಳ ಖರ್ಚು. ಚಾಲಕಿ ಮತ್ತು ಸಹಾಯಕಿಗೆ ತಲಾ 10 ಸಾವಿರ ಅಂದರೂ 20 ಸಾವಿರ. ಡೀಸೆಲ್‌ಗೆ 8 ಸಾವಿರ. ರಿಪೇರಿ, ವಿಮೆ, ಕೈಗವಸು, ಚೀಲ ಅಂತ 4 ಸಾವಿರ. ಒಟ್ಟು 32 ಸಾವಿರ. ಎಂಟು ತಿಂಗಳಿಗೆ, ಒಂದು ಸಲ ಬಂದ ಆ ದುಡ್ಡಿಗಿಂತ ಓಡಿಸುವ ಖರ್ಚೇ ಹೆಚ್ಚಾಗುತ್ತೆ!

15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡಾ 30 ಭಾಗ ನೈರ್ಮಲ್ಯಕ್ಕೇ ಮೀಸಲಿತ್ತು, ನಿಜ. ಆದರೆ ಆ 30ರೊಳಗೆ ಚರಂಡಿ, ಶೌಚಾಲಯ, ಬಚ್ಚಲ ನೀರು ಎಲ್ಲವೂ ಕೈಚಾಚಿ ನಿಂತಿರುತ್ತಿದ್ದವು. ಹಾಗಾಗಿ ಉಳಿಯೋದು ಒಂದೇ, ಬಳಕೆದಾರರ ಶುಲ್ಕ. ಮನೆಗೆ ತಿಂಗಳಿಗೆ 30 ರೂಪಾಯಿ ಅಂತಿಟ್ಟುಕೊಳ್ಳಿ. 900 ಮನೆಯೂ ಕೊಟ್ಟರೆ 27 ಸಾವಿರ. ಪೇಟೆಯ 80 ಅಂಗಡಿಗಳು ತಲಾ 100 ಕೊಟ್ಟರೆ 8 ಸಾವಿರ. ಒಟ್ಟು 35 ಸಾವಿರ, ಗಾಡಿ ಓಡುತ್ತೆ. ಮೂರರಲ್ಲಿ ಒಂದು ಮನೆ ಮಾತ್ರ ಕೊಟ್ಟರೆ? ಮನೆಗಳಿಂದ 9 ಸಾವಿರ. ಅಂಗಡಿಯವರೂ ಹಾಗೇ ಮಾಡಿದರೆ ಡೀಸೆಲ್ಲಿಗೂ ಸಂಬಳಕ್ಕೂ ಜಗಳ. ಮೊದಲು ನಿಲ್ಲೋದು ಆ ಹೆಣ್ಣುಮಗಳ ಸಂಬಳ. ಆಮೇಲೆ ಗಾಡಿ. ಕೊನೆಗೆ ಶೆಡ್‌ಗೆ ಬೀಗ. ಆಗ ನಾವು ಹೇಳೋದೇನು? ‘ನೋಡಿ, ಸರ್ಕಾರಿ ಯೋಜನೆ ಅಂದ್ರೆ ಇಷ್ಟೇ.’

ಮೂವತ್ತು ರೂಪಾಯಿ ಅಂದರೆ ಎಷ್ಟು? ಹೋಟೆಲಿನಲ್ಲಿ ಎರಡು ಚಹಾ. ಆದರೂ ಜನ ಕೊಡೋದಿಲ್ಲ. ಯಾಕೆ? ಜನ ಜಿಪುಣರು ಅನ್ನೋದು ಸುಲಭದ ಉತ್ತರ, ಅದು ಸರಿಯಾದ ಉತ್ತರ ಅಲ್ಲ. ಅವರ ಮಾತು ಕೇಳಿ. ‘ನಮ್ಮ ಮನೇಲಿ ಕಸವೇ ಇಲ್ಲ. ಇದ್ದದ್ದನ್ನು ತೋಟಕ್ಕೆ ಹಾಕ್ತೇವೆ. ಗಾಡಿ ನಮ್ಮ ಮನೆ ತನಕ ಬರೋದೂ ಇಲ್ಲ, ಮುಖ್ಯ ರಸ್ತೆಯಲ್ಲೇ ಹೋಗ್ತದೆ. ಮತ್ತೆ ದುಡ್ಡು ಯಾಕೆ?’ ಇದರಲ್ಲಿ ಅರ್ಧ ನ್ಯಾಯ ಇದೆ. ಅದಕ್ಕೆ ಪಂಚಾಯತ್ ಉತ್ತರ ಕೊಡಬೇಕು.

ಮೊದಲು ಹೇಳಿದೆನಲ್ಲ, ಚದುರಿದ ಮನೆಗಳ ರಚನೆ ನೆನಪಿಟ್ಟುಕೊಳ್ಳಿ ಅಂತ. ನಗರದಲ್ಲಿ ಗಾಡಿ ಒಂದು ಕಿಲೋಮೀಟರ್ ಹೋದರೆ ನೂರಾರು ಮನೆ. ಇಲ್ಲಿ ಒಂದು ಕಿಲೋಮೀಟರ್ ಹೋದರೆ ಎಂಟೋ ಹತ್ತೋ. ನಗರದ ಹಾಗೆ ದಿನಾ ಮನೆಬಾಗಿಲಿಗೆ ಗಾಡಿ ಅಂತ ಯೋಜನೆ ಹಾಕಿದರೆ ಇಲ್ಲಿ ಡೀಸೆಲ್ಲೇ ಊರನ್ನು ತಿನ್ನುತ್ತೆ. ಆದರೆ ದಿನಾ ಬರಬೇಕು ಅಂತ ಯಾರು ಹೇಳಿದರು? ಹಸಿ ಕಸ ಮನೆಯಲ್ಲೇ ಮುಗಿಯುತ್ತೆ. ಉಳಿದ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿಟ್ಟರೆ ನಾರೋದಿಲ್ಲ, ಇರುವೆ ಬರೋದಿಲ್ಲ, ನಾಯಿ ಎಳೆಯೋದಿಲ್ಲ. ಒಂದು ಚೀಲದಲ್ಲಿ ತಿಂಗಳುಗಟ್ಟಲೆ ಇರುತ್ತೆ.

ಗಡಿಯ ಆಚೆ, ಕಾಸರಗೋಡಿನ ನಮ್ಮ ಕನ್ನಡಿಗರನ್ನು ಕೇಳಿ ನೋಡಿ. ಮಂಜೇಶ್ವರ, ಕುಂಬಳೆ ಕಡೆಯವರಿಗೆ ಇದು ಗೊತ್ತು. ಕೇರಳದಲ್ಲಿ ‘ಹರಿತ ಕರ್ಮ ಸೇನೆ’ ಅಂತ ಇದೆ. ಕುಟುಂಬಶ್ರೀಯ ಹೆಣ್ಣುಮಕ್ಕಳ ತಂಡ. ತಿಂಗಳಿಗೊಮ್ಮೆ ಮನೆಗೆ ಬರುತ್ತಾರೆ, ತೊಳೆದು ಒಣಗಿಸಿದ ಪ್ಲಾಸ್ಟಿಕ್ ಮಾತ್ರ ತೆಗೆದುಕೊಳ್ಳುತ್ತಾರೆ, ಹಳ್ಳಿ ಮನೆಗೆ ಸಾಮಾನ್ಯವಾಗಿ 50 ರೂಪಾಯಿ ಶುಲ್ಕ ಪಡೆದು ರಸೀದಿ ಕೊಡುತ್ತಾರೆ. ಅಲ್ಲೂ ಶುರುವಿನಲ್ಲಿ ‘ಕಸವನ್ನೂ ಕೊಟ್ಟು ಕಾಸನ್ನೂ ಕೊಡಬೇಕಾ’ ಅಂತ ಜಗಳ ಆಗಿದೆ, ಇನ್ನೂ ಆಗುತ್ತೆ. ಆದರೆ ಅಲ್ಲಿನ ಮನೆಗಳೂ ನಮ್ಮ ಹಾಗೆಯೇ ತೋಟದ ನಡುವೆ ಚದುರಿದ ಮನೆಗಳು. ಅವರು ನಗರವನ್ನು ನಕಲು ಮಾಡದೆ ತಮ್ಮ ಊರಿನ ರಚನೆಗೆ ತಕ್ಕ ಲೆಕ್ಕ ಹಾಕಿದರು. ಒಳಗಿನ ಮನೆಗಳಿಗೆ ತಿಂಗಳಿಗೊಮ್ಮೆ, ಪೇಟೆಗೆ ದಿನಾ ಅಥವಾ ದಿನ ಬಿಟ್ಟು ದಿನ. ಇಷ್ಟು ಮಾಡಿದರೆ ಖರ್ಚಿನ ಲೆಕ್ಕವೇ ಬದಲಾಗುತ್ತೆ. ಡೈಪರ್, ಪ್ಯಾಡ್‌ಗೆ ಮಾತ್ರ ತಿಂಗಳು ಕಾಯೋಕಾಗೋದಿಲ್ಲ. ಅದಕ್ಕೆ ಕಾಗದದಲ್ಲಿ ಸುತ್ತಿ ಬೇರೆ ಇಟ್ಟು ವಾರಕ್ಕೊಮ್ಮೆ ಕೊಡುವ ವ್ಯವಸ್ಥೆ ಬೇಕು. ಇದನ್ನು ನಾಚಿಕೆ ಪಡದೆ ಗ್ರಾಮಸಭೆಯಲ್ಲಿ ಮಾತಾಡಬೇಕು.

ಸಂಗ್ರಹಿಸಿದ್ದು ಎಲ್ಲಿಗೆ ಹೋಗುತ್ತೆ? ‘ನಾವು ಬೇರೆ ಮಾಡಿ ಕೊಡ್ತೇವೆ, ಅವರು ಎಲ್ಲ ಒಟ್ಟಿಗೆ ಗುಂಡಿಗೆ ಹಾಕ್ತಾರೆ’ ಅನ್ನೋದು ಇನ್ನೊಂದು ಸಂಶಯ. ಒಂದು ಊರಿನ ಪ್ಲಾಸ್ಟಿಕ್ಕನ್ನು ಕೊಳ್ಳೋಕೆ ಯಾವ ಕಾರ್ಖಾನೆಯೂ ಲಾರಿ ಕಳಿಸೋದಿಲ್ಲ, ಪ್ರಮಾಣ ಸಾಲೋದಿಲ್ಲ. ಅದಕ್ಕೇ ಹತ್ತಾರು ಪಂಚಾಯತ್‌ಗಳ ಒಣ ಕಸವನ್ನು ಒಂದೆಡೆ ತಂದು ವಿಂಗಡಿಸುವ ದೊಡ್ಡ ಘಟಕ ಬೇಕು. ಇದನ್ನು ಎಂಆರ್‌ಎಫ್ ಅಂತಾರೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಇಂಥ ಘಟಕ ಆಯಿತು. ಗ್ರಾಮೀಣ ಕರ್ನಾಟಕಕ್ಕೆ ಅದು ದಾರಿ ತೋರಿಸಿತು. ಆಮೇಲೆ ದಕ್ಷಿಣ ಕನ್ನಡದ ತೆಂಕ ಎಡಪದವಿನಲ್ಲೂ ಘಟಕ ಬಂತು. ಇಲ್ಲಿ ಬಾಟಲಿ, ಹಾಲಿನ ತೊಟ್ಟೆ, ರಟ್ಟು, ಗಾಜು ಅಂತ ಬಗೆಬಗೆಯಾಗಿ ವಿಂಗಡಿಸಿ, ಒತ್ತಿ ಮೂಟೆ ಕಟ್ಟಿ ಮರುಬಳಕೆಗೆ ಕಳಿಸುತ್ತಾರೆ. ಚಿಪ್ಸ್ ಪ್ಯಾಕೆಟ್‌ನಂಥ ಪದರದ ಪ್ಲಾಸ್ಟಿಕ್ಕನ್ನು ಮರುಬಳಕೆ ಮಾಡೋದು ಕಷ್ಟ, ಅದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಂಧನವಾಗಿ ಹೋಗುತ್ತೆ. ಅಲ್ಲಿನ ಶಾಖ ನಮ್ಮ ಬಚ್ಚಲ ಒಲೆಯದ್ದಲ್ಲ, ಸಾವಿರ ಡಿಗ್ರಿ ದಾಟಿದ್ದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ವಚ್ಛವಾದ ಒಣ ಪ್ಲಾಸ್ಟಿಕ್‌ಗೆ ಬೆಲೆ ಇದೆ. ಸಾರು ಮೆತ್ತಿದ, ಮೀನಿನ ನೀರು ಸುರಿಯುವ ಪ್ಲಾಸ್ಟಿಕ್‌ಗೆ ಬೆಲೆ ಇಲ್ಲ, ಅದನ್ನು ಸಾಗಿಸೋಕೆ ನಾವೇ ದುಡ್ಡು ಕೊಡಬೇಕು. ಅಂದರೆ ನಿಮ್ಮ ಅಡುಗೆಮನೆಯ ಸಿಂಕಿನಲ್ಲಿ ಹತ್ತು ಸೆಕೆಂಡ್ ತೊಟ್ಟೆ ತೊಳೆಯುವ ಕೆಲಸ ಪಂಚಾಯತ್‌ನ ಬಜೆಟ್ಟನ್ನು ನಿರ್ಧಾರ ಮಾಡುತ್ತೆ. ಅಷ್ಟೇ ಅಲ್ಲ, ಆ ಕಸವನ್ನು ಕೈಯಿಂದ ಬಿಡಿಸಿ ಬೇರೆ ಮಾಡುವವಳು ನಿಮ್ಮದೇ ಊರಿನ, ನಿಮ್ಮದೇ ಸಂಘದ ಹೆಣ್ಣುಮಗಳು. ಡೈಪರ್ ಜೊತೆ ಹಾಲಿನ ತೊಟ್ಟೆ ಸುತ್ತಿ ಕೊಟ್ಟರೆ ಅದಕ್ಕೆ ಕೈ ಹಾಕೋದು ಅವಳು.

ಇನ್ನು ಪೇಟೆ. ಮನೆಗಳು ಎಷ್ಟೇ ಸರಿ ಮಾಡಿದರೂ ಪೇಟೆಯ ಬೀದಿ ಸರಿಯಾಗದಿದ್ದರೆ ಊರು ಸ್ವಚ್ಛ ಕಾಣೋದಿಲ್ಲ. ಹೋಟೆಲಿನ ಎಂಜಲು, ಕೋಳಿ ಅಂಗಡಿಯ ತ್ಯಾಜ್ಯ, ಬಾರಿನ ಬಾಟಲಿ. ರಾತ್ರಿ ಸ್ಕೂಟರ್‌ನಲ್ಲಿ ಬಂದು ಕಾಡಿನ ತಿರುವಿನಲ್ಲಿ ಚೀಲ ಎಸೆದು ಹೋಗುವವರು ಎಲ್ಲ ಊರಲ್ಲೂ ಇದ್ದಾರೆ. ಇಲ್ಲಿ ಪಂಚಾಯತ್‌ನ ಕೈಯಲ್ಲಿ ಅಸ್ತ್ರ ಇದೆ. ವ್ಯಾಪಾರದ ಪರವಾನಗಿ ಕೊಡೋದು ಅದೇ. ಪರವಾನಗಿ ನವೀಕರಣಕ್ಕೆ ಬಂದಾಗ ಕಸದ ಶುಲ್ಕದ ರಸೀದಿ ತೋರಿಸಿ ಅನ್ನಬಹುದು. ಇದಕ್ಕೆ ದಿಲ್ಲಿಯ ಅನುಮತಿ ಬೇಡ, ಊರಿನ ಎದೆಗಾರಿಕೆ ಬೇಕು. ಕಷ್ಟ ಇರೋದು ಅಲ್ಲೇ. ಸುಮಾರು 400 ಜನರಿಗೆ ಒಬ್ಬ ಸದಸ್ಯ ಇರುವ ಪಂಚಾಯತ್‌ನಲ್ಲಿ ಹತ್ತು ಮತ ಅತ್ತಿತ್ತ ಆದರೆ ಗೆಲುವು ಸೋಲು ಬದಲಾಗುತ್ತೆ. ಶುಲ್ಕ ಕೇಳಿದ ಸದಸ್ಯ ಮುಂದಿನ ಸಲ ಸೋಲುತ್ತಾನೆ ಅನ್ನೋ ಭಯ. ಶುಲ್ಕ ಕೇಳದೆ ಊರು ಕೆಡಿಸಿದ ಸದಸ್ಯನನ್ನು ನಾವು ಸೋಲಿಸಿದ ಉದಾಹರಣೆ ಇದೆಯಾ? ಯೋಚನೆ ಮಾಡಿ.

ಕಾರ್ಯಕ್ರಮಗಳನ್ನೂ ಸೇರಿಸಿ. ನೇಮ, ಜಾತ್ರೆ, ಬಯಲಾಟ, ಮದುವೆ, ಕಂಬಳ. ಹನ್ನೆರಡು ವರ್ಷಕ್ಕೊಮ್ಮೆ ವೇಣೂರಿನಲ್ಲಿ ಮಹಾಮಸ್ತಕಾಭಿಷೇಕ, ಕಳೆದದ್ದು 2024ರಲ್ಲಿ. ದೊಡ್ಡ ಹಬ್ಬಕ್ಕೆ ದೊಡ್ಡ ಸಮಿತಿ, ದೊಡ್ಡ ಯೋಜನೆ ಇರುತ್ತೆ. ಊರಿನ ಸಣ್ಣ ಕಾರ್ಯಕ್ರಮಗಳಿಗೆ? ಅಡಿಕೆ ಹಾಳೆಯ ತಟ್ಟೆ ತಯಾರಾಗುವ ನಾಡಿನಲ್ಲಿ ಥರ್ಮಾಕೋಲ್ ತಟ್ಟೆಯಲ್ಲಿ ಊಟ ಹಾಕಿದರು! 2022ರ ಜುಲೈ 1ರಿಂದ ಥರ್ಮಾಕೋಲಿನ ಅಲಂಕಾರವೂ ಇಲ್ಲ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚವೂ ಇಲ್ಲ, ದೇಶಕ್ಕೇ ನಿಷೇಧ. ಆಮಂತ್ರಣ ಪತ್ರಿಕೆಯಲ್ಲಿ ಇಪ್ಪತ್ತು ಜನ ಅಧ್ಯಕ್ಷ, ಉಪಾಧ್ಯಕ್ಷ, ಸಂಚಾಲಕರ ಹೆಸರು ಹಾಕುತ್ತೇವೆ. ‘ಕಸದ ಜವಾಬ್ದಾರಿ’ ಅಂತ ಒಬ್ಬರ ಹೆಸರು ಯಾಕೆ ಹಾಕಬಾರದು?

ನಾನು ಹೇಳಬೇಕಾದದ್ದು ಇಷ್ಟು. ಶೆಡ್ ಕಟ್ಟೋದಕ್ಕೆ ಸರ್ಕಾರ ಸಾಕು. ಅದನ್ನು ನಡೆಸೋದಕ್ಕೆ ಊರು ಬೇಕು. ಕುಡಿಯುವ ನೀರಿಗೆ ಶುಲ್ಕ ಕಟ್ಟುತ್ತೇವೆ, ಕರೆಂಟಿಗೆ ಕಟ್ಟುತ್ತೇವೆ, ಮೊಬೈಲ್ ರೀಚಾರ್ಜಿಗೆ ಒಂದು ದಿನ ತಡ ಮಾಡೋದಿಲ್ಲ. ಮನೆಗೆ ಬರುವ ಎಲ್ಲದಕ್ಕೂ ದುಡ್ಡು ಕೊಡುವ ನಾವು, ಮನೆಯಿಂದ ಹೊರಗೆ ಹೋಗುವುದಕ್ಕೆ ಮಾತ್ರ ಕೊಡೋದಿಲ್ಲ. ಆ ದುಡ್ಡನ್ನು ನಮ್ಮ ಬದಲಿಗೆ ಫಲ್ಗುಣಿ ಕೊಡುತ್ತಿದೆ. ಬಚ್ಚಲ ಒಲೆಯ ಮುಂದೆ ಕೂತ ತಾಯಿಯ ಶ್ವಾಸಕೋಶ ಕೊಡುತ್ತಿದೆ.

ಆದರೆ ಶುಲ್ಕ ಕೊಡುವವನಿಗೆ ಕೇಳುವ ಹಕ್ಕೂ ಇದೆ. ನಿಮ್ಮ ಮುಂದಿನ ಗ್ರಾಮಸಭೆಗೆ ಹೋಗಿ, ನಾಲ್ಕೇ ಪ್ರಶ್ನೆ ಕೇಳಿ. ನಮ್ಮ ಊರಿನಿಂದ ಕಳೆದ ತಿಂಗಳು ಎಷ್ಟು ಕೆ.ಜಿ. ಒಣ ಕಸ ಹೋಯಿತು, ಎಲ್ಲಿಗೆ ಹೋಯಿತು? ಎಷ್ಟು ಮನೆ, ಎಷ್ಟು ಅಂಗಡಿ ಶುಲ್ಕ ಕೊಟ್ಟಿವೆ? ಗಾಡಿಯ ಹೆಣ್ಣುಮಕ್ಕಳಿಗೆ ಯಾವ ತಿಂಗಳವರೆಗೆ ಸಂಬಳ ಆಗಿದೆ? ನಮ್ಮ ವಾರ್ಡಿಗೆ ಗಾಡಿ ಯಾವ ದಿನ, ಎಲ್ಲಿಯವರೆಗೆ ಬರುತ್ತೆ? ಉತ್ತರವನ್ನು ಪಂಚಾಯತ್‌ನ ಹಲಗೆಯ ಮೇಲೆ ಪ್ರತಿ ತಿಂಗಳು ಬರೆಯಿರಿ ಅಂತ ನಿರ್ಣಯ ಮಾಡಿಸಿ. ಉತ್ತರ ಸಿಕ್ಕಿದರೆ ಶುಲ್ಕ ಕೊಡಿ. ಸಿಗದಿದ್ದರೆ ಸಿಗುವ ತನಕ ಕೇಳಿ. ಪಂಚಾಯತ್ ಅಂದರೆ ಅಧ್ಯಕ್ಷರು, ಪಿಡಿಒ ಮಾತ್ರ ಅಲ್ಲ. ಗ್ರಾಮಸಭೆಯಲ್ಲಿ ಕೂತ ನೀವೂ ಪಂಚಾಯತ್ತೇ.

ಅಳದಂಗಡಿಯ ಕಸ ಬ್ರೇಕಿಂಗ್ ನ್ಯೂಸ್ ಆಗೋದು ಬೇಡ. ಆಗಬಾರದು ಅಂತಲೇ ಇಷ್ಟೆಲ್ಲ ಹೇಳಿದ್ದು.